ಅರಿಶಿನ ಕೆಂಪಾದ ದಿನ

ಅವನು ನನ್ನ ಕ್ಲಾಸಿಗೆ ಮೊದಲ ಸಲ ಬಂದದ್ದು ಜಗಳ ಮಾಡಲು. ಕೈಯಲ್ಲೊಂದು ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ಕಡುಗೆಂಪಾದ ಏನೋ ಮುದ್ದೆ, ಬೆನ್ನ ಹಿಂದೆ ತಲೆ ತಗ್ಗಿಸಿ ನಿಂತ ನನ್ನ ಏಳನೇ ಕ್ಲಾಸಿನ ಸಾನಿಕಾ.

"ಸೈನ್ಸ್ ಮೇಡಂ ಯಾರು?"

"ನಾನೇ. ಚಪ್ಪಲಿ ಹೊರಗೆ ಬಿಡಿ."

ಅವನು ತಬ್ಬಿಬ್ಬಾದ. ಜಗಳಕ್ಕೆ ಬಂದವನಿಗೆ ಚಪ್ಪಲಿ ಬಿಟ್ಟು ಬಾ ಅಂದರೆ ಅರ್ಧ ಜಗಳ ಬಾಗಿಲಲ್ಲೇ ಮುಗಿಯುತ್ತದೆ. ಆದರೂ ಬಿಟ್ಟು ಬಂದ. ಬಿಳಿ ಅಂಗಿ, ತೋಳಿನ ಮೇಲೆಲ್ಲ ಹಳದಿ ಕಲೆ, ಎಡಗಡೆಯ ಹುಬ್ಬಿನ ಮೇಲೂ ಒಂದು ಚೂರು ಪುಡಿ. ನಮ್ಮ ಸಾಂಗ್ಲಿಯಲ್ಲಿ ಅರಿಶಿನ ಪೇಟೆಯವರನ್ನು ಗುರುತು ಹಿಡಿಯಲು ವಿಳಾಸ ಕೇಳಬೇಕಾಗಿಲ್ಲ.

"ನಾನು ಹೇರಂಬ ಶೇಟೆ. ಇವಳ ಕಾಕಾ. ನಿನ್ನೆ ಇವಳು ಏನು ಮಾಡಿದಾಳೆ ಗೊತ್ತಾ ನಿಮಗೆ? ಹೈದರಾಬಾದಿನ ಗಿರಾಕಿ ಬಂದು ಕೂತಿದ್ದ. ಸ್ಯಾಂಪಲ್ ತಟ್ಟೆ ಮುಂದಿಟ್ಟಿದ್ದೆ. ಈ ಮಹಾರಾಯ್ತಿ ಬಂದು ಅದರ ಮೇಲೆ ಬಟ್ಟೆ ಸೋಡಾ ನೀರು ಸುರಿದು, 'ಕೆಂಪಾಯ್ತು, ಕೆಂಪಾಯ್ತು' ಅಂತ ಕುಣಿದಳು. ಗಿರಾಕಿ ಎದ್ದೇ ಹೋದ. ಬಣ್ಣ ಬೆರೆಸಿದ ಮಾಲು ಅಂತ ಪೇಟೆ ತುಂಬಾ ಡಂಗುರ ಹೊಡೀತಾ ಇದಾನೆ. ನಮ್ಮ ತಾತನ ಕಾಲದಿಂದ ನಮ್ಮ ಅರಿಶಿನಕ್ಕೆ ಯಾರೂ ಬೆರಳು ತೋರಿಸಿದ್ದಿಲ್ಲ. ನೀವು ಒಂದೇ ಪೀರಿಯಡ್‌ನಲ್ಲಿ ತೋರಿಸಿಬಿಟ್ರಿ!"

ನನ್ನ ಹೆಸರು ಮೃದುಲಾ ಆಷ್ಟೇಕರ್. ನನ್ನನ್ನು ಬಲ್ಲವರು ಈ ಹೆಸರು ಕೇಳಿ ನಗುತ್ತಾರೆ, ಏಕೆಂದರೆ ನನಗೆ ಸಿಟ್ಟು ಸದಾ ಮೂಗಿನ ತುದಿಯಲ್ಲೇ. ಆವತ್ತು ಮಾತ್ರ ಅದು ಬರಲಿಲ್ಲ. ಹುಬ್ಬಿನ ಮೇಲೆ ಹಳದಿ ಪುಡಿ ಹೊತ್ತುಕೊಂಡು ಅಷ್ಟು ಗಂಭೀರವಾಗಿ ಜಗಳವಾಡುವ ಗಂಡಸನ್ನು ನೋಡಿ ಸಿಟ್ಟಾಗುವುದು ಬಹಳ ಕಷ್ಟ.

"ಕೂತ್ಕೊಳ್ಳಿ," ಅಂದೆ.

"ಎಲ್ಲಿ?"

"ಮೊದಲನೇ ಬೆಂಚಲ್ಲಿ. ಸಾನಿಕಾ, ಕಾಕಾಗೆ ಜಾಗ ಬಿಡು."

ಏಳನೇ ಕ್ಲಾಸಿನ ಬೆಂಚು ಅವನಿಗೆಲ್ಲಿ ಸಾಲಬೇಕು? ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತ. ಹುಡುಗಿಯರು ಜಡೆ ಅಡ್ಡ ಹಿಡಿದು ನಕ್ಕರು. ನಾನು ನಗಲಿಲ್ಲ. ಅಂದರೆ, ಬೋರ್ಡಿನ ಕಡೆ ತಿರುಗಿ ನಕ್ಕೆ.

ಆಮ್ಲ, ಪ್ರತ್ಯಾಮ್ಲದ ಪಾಠವನ್ನು ಆಗಷ್ಟೇ ಶುರು ಮಾಡಿದ್ದೆ. ನಮ್ಮ ಲ್ಯಾಬಿನ ಲಿಟ್ಮಸ್ ಕಾಗದವನ್ನೆಲ್ಲ ಇಲಿ ತಿಂದು ಮುಗಿಸಿತ್ತು. ಅರಿಶಿನದ ಊರಲ್ಲಿ ಕೂತು ಲಿಟ್ಮಸ್ ಇಲ್ಲ ಅಂತ ಅಳಲು ನನಗೇನು ಹುಚ್ಚೇ? ಅರಿಶಿನ ಕಲಸಿದ ನೀರಲ್ಲಿ ಕಾಗದ ಅದ್ದಿ, ಒಣಗಿಸಿ, ಕತ್ತರಿಸಿ ಹಂಚಿದ್ದೆ. ಮನೆಯಲ್ಲಿ ಏನೇನು ಸಿಗುತ್ತದೋ ಅದರ ಮೇಲೆಲ್ಲ ಪರೀಕ್ಷೆ ಮಾಡಿ ಬನ್ನಿ ಅಂದಿದ್ದೆ. ಸಾನಿಕಾ ಕಾಗದ ಬಿಟ್ಟು ನೇರ ಅಂಗಡಿಯ ತಟ್ಟೆಗೇ ಕೈ ಹಾಕಿದ್ದಳು.

"ಹುಳಿ ಇರೋದೆಲ್ಲ ಯಾವ ಗುಂಪು?" ಕ್ಲಾಸಿಗೆ ಕೇಳಿದೆ.

"ಆಮ್ಲ!"

"ಮುಟ್ಟಿದ್ರೆ ಸಾಬೂನಿನ ಹಾಗೆ ಜಾರೋದು?"

"ಪ್ರತ್ಯಾಮ್ಲ!"

"ಅರಿಶಿನ ಏನು ಮಾಡುತ್ತೆ?"

"ಚಾಡಿ ಹೇಳುತ್ತೆ!"

ಹೇರಂಬನ ಹುಬ್ಬು ಮೇಲೇರಿತು. ಹಳದಿ ಪುಡಿಯೂ ಜೊತೆಗೇ ಏರಿತು. ಪುಸ್ತಕದಲ್ಲಿ ಅದಕ್ಕೆ ಸೂಚಕ ಎಂಬ ಹೆಸರಿದೆ. ಆದರೆ ಮೊದಲ ಸಲ ಕಲಿಯುವ ಮಕ್ಕಳಿಗೆ ಸೂಚಕ ಅಂದರೆ ನಿದ್ದೆ, ಚಾಡಿಕೋರ ಅಂದರೆ ಕಿವಿ ನಿಮಿರುತ್ತದೆ.

ಅವನ ಮುಂದೆ ಅರ್ಧ ಹೋಳು ನಿಂಬೆಹಣ್ಣು ಇಟ್ಟೆ. "ಈಗ ಇದನ್ನ ನಿಮ್ಮ ತಟ್ಟೆ ಮೇಲೆ ಹಿಂಡಿದ್ರೆ ಏನಾಗುತ್ತೆ? ಮೊದಲು ಹೇಳಿ, ಆಮೇಲೆ ಮಾಡಿ. ನಮ್ಮ ಕ್ಲಾಸಿನ ರೂಲು."

"ಏನಾಗುತ್ತೆ? ಇನ್ನೂ ಹಾಳಾಗುತ್ತೆ."

"ಹಿಂಡಿ."

ಹಿಂಡಿದ. ಸೋಡಾದ ಮೇಲೆ ಹುಳಿ ಬಿದ್ದು ಬುಸ್ಸೆಂದು ನೊರೆ ಎದ್ದಿತು. ನೊರೆ ಇಳಿದ ಜಾಗದಲ್ಲಿ ಕೆಂಪು ಹೋಗಿ ಹಳದಿ ಮೂಡಿತ್ತು, ಅವನ ಅಂಗಡಿಯ ಅದೇ ಹಳದಿ. ಅವನು ಮತ್ತೆ ಹಿಂಡಿದ. ಮತ್ತೆ ಹಳದಿ. ಆಮೇಲೆ ಇಡೀ ಹೋಳನ್ನು ಸಿಪ್ಪೆ ಹರಿಯುವ ತನಕ ಹಿಂಡಿ, ತಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದು, ಬಾಯಿ ತೆರೆದುಕೊಂಡು ನನ್ನನ್ನು ನೋಡಿದ. ಅಲ್ಲಿ ಕೂತಿದ್ದ ಯಾವ ಹುಡುಗಿಯ ಕಣ್ಣೂ ಅಷ್ಟು ಅರಳಿರಲಿಲ್ಲ. ನಿಜ ಹೇಳಿಬಿಡುತ್ತೇನೆ, ನಾನು ಬಿದ್ದದ್ದು ಅಲ್ಲೇ.

"ನಿಮ್ಮ ಅರಿಶಿನ ಅಸಲಿ," ಅಂದೆ. "ಕೆಂಪಾಗಿ ಮತ್ತೆ ವಾಪಸ್ ಬರುತ್ತಲ್ಲ, ಅದಕ್ಕೇ. ಹೋಗಿ ನಿಮ್ಮ ಗಿರಾಕಿಗೂ ಇದನ್ನೇ ತೋರಿಸಿ. ಬಾಯಲ್ಲಿ ಹೇಳಬೇಡಿ, ಅವನ ಕೈಯಲ್ಲೇ ಹಿಂಡಿಸಿ."

ಅವನು ಎದ್ದ. ಬಾಗಿಲ ತನಕ ಹೋಗಿ ತಿರುಗಿದ. "ಮೇಡಂ, ಮೊಸರು ಹಾಕಿದ್ರೂ ಹಳದಿ ಆಗುತ್ತಾ?"

"ಮಾಡಿ ನೋಡಿ."

"ಹುಣಸೆಹಣ್ಣು?"

"ಶೇಟೆಯವರೇ, ಚಪ್ಪಲಿ ಮರೀಬೇಡಿ."

ಗಿರಾಕಿ ವಾಪಸ್ ಬಂದ. ಅದನ್ನು ಹೇಳುವ ನೆಪದಲ್ಲಿ ಇವನೂ ವಾಪಸ್ ಬಂದ. ಆಮೇಲೆ ನೆಪಗಳಿಗೆ ಬರವೇ ಇರಲಿಲ್ಲ. ಸ್ಕೂಲು ಬಿಡುವ ಹೊತ್ತಿಗೆ ಗೇಟಿನ ಪಕ್ಕದ ಬೇವಿನ ಮರದ ಕೆಳಗೆ ಸ್ಕೂಟರ್ ನಿಂತಿರುತ್ತಿತ್ತು. ಕೈಯಲ್ಲಿ ಒಂದು ಪೊಟ್ಟಣ ಭಡಂಗ್ ಅನ್ನುವ ನಮ್ಮೂರ ಖಾರ ಮಂಡಕ್ಕಿ, ಬಾಯಲ್ಲಿ ಒಂದು ಪ್ರಶ್ನೆ.

"ಮೇಡಂ, ಇರುವೆ ಕಚ್ಚಿದ ಜಾಗಕ್ಕೆ ನಮ್ಮತ್ತೆ ಅಡಿಗೆ ಸೋಡಾ ಹಚ್ತಾರೆ. ಅದೂ ನಿಮ್ಮ ಪಾಠನೇನಾ?"

"ನಮ್ಮ ಪಾಠನೇ. ಇರುವೆ ಆಮ್ಲ ಬಿಟ್ಟು ಹೋಗಿರುತ್ತೆ. ಸೋಡಾ ಅದನ್ನ ಸಮಾಧಾನ ಮಾಡುತ್ತೆ."

"ಹಾಗಾದ್ರೆ ಸಿಡುಕಿನ ಟೀಚರ್ ಕಚ್ಚಿದ್ರೆ ಏನು ಹಚ್ಚಬೇಕು?"

"ಮೊದಲು ಕಚ್ಚಿಸಿಕೊಂಡು ಬನ್ನಿ, ಆಮೇಲೆ ಹೇಳ್ತೀನಿ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ಆ ದೇವರಿಗೇ ಗೊತ್ತು. ಅವನು ಭಡಂಗ್ ಪೊಟ್ಟಣ ನನ್ನ ಕೈಗಿಟ್ಟು, ಕಿವಿ ತುದಿ ಕೆಂಪು ಮಾಡಿಕೊಂಡು ಸ್ಕೂಟರ್ ಹತ್ತಿದ. ಅದಕ್ಕೆ ಯಾವ ಸೋಡಾವೂ ಬೇಕಾಗಿರಲಿಲ್ಲ.

ಚಳಿಗಾಲ ಮುಗಿದು ಹೊಸ ಬೆಳೆ ಪೇಟೆಗೆ ಬಂದಾಗ ಹುಡುಗಿಯರನ್ನೆಲ್ಲ ಅವನ ಅಂಗಡಿಗೆ ಕರೆದುಕೊಂಡು ಹೋದೆ. ಬೇರಿನಿಂದ ಪುಡಿಯ ತನಕ ಅರಿಶಿನ ಹೇಗೆ ಬರುತ್ತದೆ ಎಂದು ತೋರಿಸಲು. ಅಥವಾ ಹಾಗೆಂದು ಹೆಡ್ಮಾಸ್ತರರಿಗೆ ಹೇಳಿದ್ದೆ. ಗೋಣಿಚೀಲದ ಗುಡ್ಡ, ಗಾಳಿಯಲ್ಲೇ ಹಳದಿ, ಸೀನು ಬಾರದ ಹುಡುಗಿ ಒಬ್ಬಳೂ ಇಲ್ಲ. ಅವನ ಅಪ್ಪ, ಎಲ್ಲರೂ ಆಬಾ ಅನ್ನುವ ಹಿರಿಯರು, ಒಬ್ಬ ಗಿರಾಕಿಯ ಎದುರು ಕೂತು ಇಬ್ಬರ ಕೈ ಮೇಲೂ ಒಂದು ಟವೆಲ್ ಹೊದಿಸಿಕೊಂಡಿದ್ದರು. ಮಾತಿಲ್ಲ, ಬರೀ ಟವೆಲ್ ಕೆಳಗೆ ಬೆರಳುಗಳ ಗುಸುಗುಸು.

"ಹಳೇ ಕಾಲದ ಸೌದಾ," ಹೇರಂಬ ಪಿಸುಗುಟ್ಟಿದ. "ಬೆರಳು ಹಿಡಿದು ರೇಟು ಹೇಳ್ತಾರೆ, ಸುತ್ತ ನಿಂತವರಿಗೆ ಗೊತ್ತಾಗಬಾರದು ಅಂತ. ಈಗ ಯಾರೂ ಮಾಡಲ್ಲ, ಆಬಾ ಹಟಕ್ಕೆ ಮಾಡ್ತಾರೆ. ಕಲೀತೀರಾ?"

ನಾನು ಉತ್ತರ ಕೊಡುವ ಮೊದಲೇ ತನ್ನ ಹೆಗಲ ಟವೆಲ್ ನಮ್ಮಿಬ್ಬರ ಕೈ ಮೇಲೆ ಹಾಕಿದ. ಹುಡುಗಿಯರು ಚೀಲಗಳ ಹಿಂದೆ ಸೀನುತ್ತಿದ್ದರು. ಟವೆಲ್ ಕೆಳಗೆ ಅವನ ಕೈ ನನ್ನ ಕೈ ಹುಡುಕಿತು. ಒರಟು ಬೆರಳು, ಬೆಚ್ಚಗಿನ ಅಂಗೈ. ಒಂದೊಂದೇ ಬೆರಳು ಹಿಡಿದು ಬಿಟ್ಟ, ಕೊನೆಗೆ ಪೂರ್ತಿ ಕೈ ಹಿಡಿದುಕೊಂಡ.

"ಇದೇನು ರೇಟು?" ನನ್ನ ದನಿ ನನಗೇ ಕೇಳಿಸಲಿಲ್ಲ.

"ರೇಟಲ್ಲ. ಬಿಡೋಕೆ ಮನಸ್ಸಾಗ್ಲಿಲ್ಲ."

"ಸೌದಾ ಒಪ್ಪಿಗೆ ಆದ್ರೆ ಏನು ಮಾಡಬೇಕು?"

"ನಮ್ಮ ಮನೇಲಿ ಕಿರುಬೆರಳು ಒತ್ತೋ ಪದ್ಧತಿ. ಒತ್ತಿದ್ರೆ ಪಕ್ಕಾ. ಆಮೇಲೆ ಮಾತು ತಿರುಗಿಸೋ ಹಾಗಿಲ್ಲ."

ನಾನು ಒತ್ತಲು ಹೊರಟಿದ್ದೆ. ಅವನೇ ತಡೆದ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ. "ಈಗ ಬೇಡ, ಮೃದುಲಾ. ಮೊದಲು ಅತ್ತೆ ಹೂಂ ಅನ್ನಬೇಕು."

ಸಗುಣಾ ಅತ್ತೆ ಅವನ ಸೋದರತ್ತೆ. ಮದುವೆಯಾದ ವರ್ಷವೇ ಗಂಡ ತೀರಿಕೊಂಡು ತವರಿಗೆ ಬಂದವರು. ಹೇರಂಬ ಇನ್ನೂ ತೊದಲು ಮಾತಾಡುವಾಗಲೇ ತಾಯಿ ಹೋದಳಂತೆ. ಅಲ್ಲಿಂದ ಇಲ್ಲಿಯ ತನಕ ಅವನ ಪಾಲಿಗೆ ಅಮ್ಮ ಅಂದರೆ ಅತ್ತೆಯೇ. ಅವರು ಬೇಡ ಅಂದರೆ ಅವನು ಮದುವೆಯಾಗುವವನಲ್ಲ. ಈ ಮಾತನ್ನು ಅವನು ಕಣ್ಣು ತಪ್ಪಿಸದೆ ಹೇಳಿದ. ಅದಕ್ಕೆ ಅವನ ಮೇಲೆ ಸಿಟ್ಟೂ ಬಂತು, ಪ್ರೀತಿಯೂ ಹೆಚ್ಚಾಯಿತು.

ಅತ್ತೆಗೆ ನಾನು ಮೊದಲೇ ಗೊತ್ತು. ಅರಿಶಿನ ಕೆಂಪು ಮಾಡುವ ಹುಡುಗಿ ಎಂದೇ ಗೊತ್ತು. ಅವರ ಮನೆಗೆ ಹೋದ ದಿನ ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದರು. ತೆಳ್ಳಗಿನ ಮೈ, ಬರಿ ಹಣೆ, ಹಿಟ್ಟು ಹತ್ತಿದ ಕೈ. ಪುನರ್ಪುಳಿ ಶರಬತ್ತು ಕೊಟ್ಟರು, ಮಾತು ಕೊಡಲಿಲ್ಲ. ಹೊರಡುವಾಗ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದರು.

"ನಮ್ಮ ಹೇರ್‍ಯಾ ನಿನ್ನ ಹೆಸರು ಹೇಳುವಾಗ ಅವನ ಮುಖ ನೋಡಿದೀನಿ. ಬೇಡ ಅನ್ನೋಕೆ ನನ್ನ ನಾಲಿಗೆ ಏಳಲ್ಲ. ಆದ್ರೆ ಒಂದು ಮಾತು, ಮಗಾ. ಅರಿಶಿನದ ದಿನ ಏನಾದ್ರೂ ಕೆಟ್ಟ ಗುರುತು ಕಂಡ್ರೆ, ನಾನು ಅಲ್ಲಿಗೇ ನಿಲ್ಲಿಸ್ತೀನಿ. ಆಮೇಲೆ ನನ್ನನ್ನ ಬೈಬಾರದು. ಒಪ್ಪಿಗೆನಾ?"

"ಒಪ್ಪಿಗೆ," ಅಂದುಬಿಟ್ಟೆ. ಸೈನ್ಸ್ ಓದಿದವಳು, ಗುರುತುಗಳಿಗೆಲ್ಲ ಯಾಕೆ ಹೆದರಲಿ ಎಂಬ ಧಿಮಾಕು. ಹೇರಂಬನೂ ಅತ್ತೆಯ ಕೈ ಹಿಡಿದು ಮಾತು ಕೊಟ್ಟ.

ಮದುವೆ ಬೇಸಿಗೆ ರಜೆಯಲ್ಲಿ. ನಮ್ಮಲ್ಲಿ ಅರಿಶಿನ ಮೊದಲು ಗಂಡಿಗೆ. ಮುತ್ತೈದೆಯರು ಅವನ ಮೈಗೆ ಹಚ್ಚಿ ಉಳಿದದ್ದನ್ನು ಬಟ್ಟಲಲ್ಲಿ ತಂದು ಹೆಣ್ಣಿಗೆ ಹಚ್ಚುತ್ತಾರೆ. ಅವನ ಮೈ ಮುಟ್ಟಿ ಬಂದ ಅರಿಶಿನ ನನ್ನ ಮೈಗೆ! ಈ ಶಾಸ್ತ್ರವನ್ನು ಯೋಚಿಸಿದವರು ದೊಡ್ಡ ರಸಿಕರೇ ಇರಬೇಕು. ಹಳೆಯ ಹಳದಿ ಸೀರೆ ಉಟ್ಟು, ಮಣೆ ಹಾಕಿಕೊಂಡು, ಬೆಳಗಿನಿಂದ ಬಾಗಿಲನ್ನೇ ನೋಡುತ್ತ ಕೂತಿದ್ದೆ. ವಾದ್ಯದವರು ಎರಡು ಸಲ ಚಹಾ ಕುಡಿದರು. ಬಟ್ಟಲು ಬರಲಿಲ್ಲ.

ಬಂದವಳು ಸಾನಿಕಾ. ಹೊಸ ಪರಕರ ಎತ್ತಿ ಹಿಡಿದು ಓಡಿ ಬಂದಿದ್ದಳು, ಏದುಸಿರು.

"ಮೇಡಂ, ಅರಿಶಿನ ಕೆಂಪಾಗಿದೆ! ಕುಂಕುಮ ಬಿದ್ದಿರಬೇಕು ಅಂತ ಹೆಂಗಸರು ಹಾಗೇ ಕಾಕಾನ ಕೆನ್ನೆಗೆ ಹಚ್ಚಿದ್ರು, ತಕ್ಷಣ ಅತ್ತೆ ಅಜ್ಜಿ ನೋಡಿ ಕಿರುಚಿದ್ರು. ಮದುವೆ ಬೇಡ ಅಂತಿದಾರೆ. ಎಲ್ಲರೂ ಅಪಶಕುನ ಅಂತಿದಾರೆ. ಕಾಕಾ ಮಣೆ ಬಿಟ್ಟು ಏಳ್ತಾನೇ ಇಲ್ಲ."

ಮಣೆಯ ಅಂಚು ಗಟ್ಟಿಯಾಗಿ ಹಿಡಿದೆ. ಒಂದು ಗಳಿಗೆ ಅಷ್ಟೇ. ಆಮೇಲೆ ಮೂಗಿನ ತುದಿಗೆ ಸಿಟ್ಟು ಬಂದು ಕೂತಿತು, ನನ್ನ ಹಳೇ ಗೆಳತಿ.

"ನೀನು ನಿಂಬೆಹಣ್ಣು ಹಿಂಡಿದೆಯಾ?"

"ನನ್ನನ್ನ ಹತ್ರಾನೇ ಬಿಡ್ಲಿಲ್ಲ, ಮೇಡಂ."

ಎದ್ದೆ. ಅಮ್ಮ ಅಡ್ಡ ಬಂದಳು. "ಹುಚ್ಚೀ, ಅರಿಶಿನಕ್ಕೆ ಕೂತ ಹುಡುಗಿ ಹೊಸ್ತಿಲು ದಾಟಬಾರದು!"

"ಅರಿಶಿನ ಇನ್ನೂ ಬಂದಿಲ್ವಲ್ಲಮ್ಮಾ. ತರೋಕೆ ಹೋಗ್ತಿದೀನಿ."

ಅಡಿಗೆಮನೆಯಿಂದ ನಿಂಬೆಹಣ್ಣಿನ ಬುಟ್ಟಿಯನ್ನೇ ಎತ್ತಿಕೊಂಡು, ಸಾನಿಕಾಳನ್ನು ಹಿಂದೆ ಕೂರಿಸಿಕೊಂಡು, ಅಪ್ಪನ ಸ್ಕೂಟರ್ ಕಿಕ್ ಒದ್ದೆ. ಗಣಪತಿ ಗುಡಿಯ ಮುಂದೆ ಹೂ ಮಾರುವವಳು ಮಾಲೆ ಕಟ್ಟುವುದನ್ನು ಬಿಟ್ಟು ನೋಡುತ್ತ ನಿಂತಳು.

ಶೇಟೆಯವರ ಅಂಗಳದಲ್ಲಿ ಮಾವಿನ ತೋರಣ, ಚಪ್ಪರ, ಚಪ್ಪರದ ಕೆಳಗೆ ಸತ್ತ ಮನೆಯ ಮೌನ. ಮಣೆ ಮೇಲೆ ಹೇರಂಬ. ಒಂದು ಕೆನ್ನೆ ತುಂಬ ಕೆಂಪು, ಯಾರೋ ಕಪಾಳಕ್ಕೆ ಬಾರಿಸಿದ ಹಾಗೆ. ನನ್ನನ್ನು ನೋಡಿದ್ದೇ ಅರ್ಧ ಎದ್ದ.

"ಮೃದುಲಾ, ಅತ್ತೆಗೆ ಮಾತು ಕೊಟ್ಟಿದೀನಿ." ಅವನ ದನಿ ಒಡೆದಿತ್ತು. "ನಿಂಬೆಹಣ್ಣು ಹಿಂಡಿ ನೋಡಿ ಅಂದೆ, ಯಾರೂ ಕೇಳ್ಲಿಲ್ಲ. ನಾನು ಬಿಡಲ್ಲ. ಇಲ್ಲೇ ಕೂತಿರ್ತೀನಿ. ಅವರು ಒಪ್ಪೋ ತನಕ ಏಳಲ್ಲ. ಆದ್ರೆ ಮಾತು ಮುರಿಯೋಕಾಗ್ತಿಲ್ಲ."

"ನೀನು ಕೂತ್ಕೋ," ಅಂದೆ. "ಮೊದಲನೇ ಬೆಂಚು ಅಂತ ತಿಳ್ಕೋ."

ಮುತ್ತೈದೆಯರ ಗುಂಪಿನಿಂದ ಯಾರೋ ಗೊಣಗಿದರು, "ನಾಚಿಕೆ ಬಿಟ್ಟವಳು, ಹೆಣ್ಣು ತಾನೇ ಬಂದುಬಿಟ್ಟಳಲ್ಲ." ಸಗುಣಾ ಅತ್ತೆ ಅಡಿಗೆಮನೆಯ ಬಾಗಿಲಲ್ಲಿದ್ದರು. ಶುಭಕಾರ್ಯದಲ್ಲಿ ಅವರು ಹೊಸ್ತಿಲ ಒಳಗೇ. ಮುಖ ಬೂದಿಯಾಗಿತ್ತು. ಇವರು ನನ್ನನ್ನು ದ್ವೇಷಿಸುತ್ತಾರೆ ಅಂದುಕೊಂಡು ಅಲ್ಲಿಯ ತನಕ ಸ್ಕೂಟರ್ ಓಡಿಸಿದ್ದೆ. ಆ ಮುಖದಲ್ಲಿ ದ್ವೇಷವಿರಲಿಲ್ಲ, ಬರೀ ಭಯ. ನನ್ನ ಸಿಟ್ಟು ಇಳಿದುಹೋಯಿತು.

"ಅತ್ತೆ, ಐದು ನಿಮಿಷ ಕೊಡಿ. ಆಮೇಲೆ ನೀವು ಬೇಡ ಅಂದ್ರೆ ಬಂದ ದಾರಿ ಹಿಡೀತೀನಿ."

ಅವರು ಬೇಡ ಅನ್ನಲಿಲ್ಲ. ಮಣೆಯ ಮುಂದೆ ಕುಕ್ಕುರುಗಾಲಲ್ಲಿ ಕೂತೆ.

"ಅತ್ತಿಗೆ, ಅರಿಶಿನ ಕಲಸಿದ್ದು ಯಾವ ನೀರಲ್ಲಿ?"

ಸಾನಿಕಾಳ ತಾಯಿ ಅಳುಕುತ್ತ ಹೇಳಿದಳು, "ಅಡಿಗೆಮನೆ ಬಾಗಿಲಲ್ಲಿ ಹಿತ್ತಾಳೆ ಬಿಂದಿಗೆ ಇತ್ತು. ಮೇಲೆ ಬಿಳಿ ಬಟ್ಟೆ ಕಟ್ಟಿತ್ತು. ಶುದ್ಧ ನೀರು ಅಂತ ತಗೊಂಡ್ವಿ."

"ಅಯ್ಯೋ, ಅದು ಹಪ್ಪಳದ್ದು ಕಣೇ!" ಬಾಗಿಲಿಂದ ಅತ್ತೆಯ ದನಿ. "ನಿನ್ನೆ ಹಪ್ಪಳಖಾರ ಕುದಿಸಿ, ಸೋಸಿ, ಆರೋಕೆ ಇಟ್ಟಿದ್ದೆ. ಇವತ್ತು ಉದ್ದಿನ ಹಿಟ್ಟು ಕಲಸೋಕೆ."

ಮದುವೆ ಮನೆಯಲ್ಲಿ ಹಪ್ಪಳ ಒತ್ತದಿದ್ದರೆ ಅದು ಮದುವೆ ಮನೆಯೇ ಅಲ್ಲ. ಹಪ್ಪಳ ಉಬ್ಬಲೆಂದು ಹಾಕುವ ಆ ಬಿಳಿ ಕ್ಷಾರ ಸೋಡಾದ ಹಾಗೆ ಪಕ್ಕಾ ಪ್ರತ್ಯಾಮ್ಲ, ಆದರೆ ನೀರಲ್ಲಿ ಕರಗಿದರೆ ನೋಡಲು ಬರೀ ನೀರೇ. ವಾಸನೆಯಿಲ್ಲ, ಬಣ್ಣವಿಲ್ಲ.

"ಸಾನಿಕಾ, ಕ್ಲಾಸ್ ತಗೋ," ಅಂದೆ.

ಹುಡುಗಿ ಎದೆಯುಬ್ಬಿಸಿ ನಿಂತಳು. ಎರಡು ಬಟ್ಟಲಲ್ಲಿ ಹೊಸದಾಗಿ ಅರಿಶಿನ ಹಾಕಿದಳು. "ಈ ಬಟ್ಟಲಿಗೆ ಬಾವಿ ನೀರು. ಆ ಬಟ್ಟಲಿಗೆ ಬಿಂದಿಗೆ ನೀರು. ಏನಾಗುತ್ತೆ? ಎಲ್ಲರೂ ಮೊದಲು ಹೇಳಿ!"

ಆಬಾ ಕೆಮ್ಮಿ, "ಬಾವಿದು ಹಳದಿ, ಬಿಂದಿಗೇದು ಕೆಂಪು," ಅಂದರು. ಹಾಗೇ ಆಯಿತು. ಮುತ್ತೈದೆಯರು ಬಗ್ಗಿ ನೋಡಿದರು. ಇಷ್ಟು ಹೊತ್ತು ಅಪಶಕುನ ಅನ್ನುತ್ತಿದ್ದವರೇ "ನಂಗೂ ಕೊಡು, ನಾನೂ ಹಾಕ್ತೀನಿ" ಅಂತ ಕೈ ಚಾಚಿದರು. ಗೊಣಗಿದ್ದ ಹೆಂಗಸು ಎಲ್ಲರಿಗಿಂತ ಮುಂದೆ. ನಗು ಒಂದು ಮೂಲೆಯಲ್ಲಿ ಹುಟ್ಟಿ ಇಡೀ ಚಪ್ಪರಕ್ಕೆ ಹಬ್ಬಿತು. ಹೇರಂಬ ಕೆಂಪು ಕೆನ್ನೆಯಲ್ಲೇ ನಗುತ್ತಿದ್ದ.

ಅತ್ತೆ ಮಾತ್ರ ನಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಬಿಂದಿಗೆಯನ್ನೇ ನೋಡುತ್ತಿದ್ದರು.

"ನನ್ನ ಅರಿಶಿನಾನೂ ಕೆಂಪಾಗಿತ್ತು," ಅಂದರು.

ನಗು ನಿಂತಿತು.

"ನನ್ನ ಮದುವೇಲಿ. ಇದೇ ಅಂಗಳ. ಗಂಡಿನ ಮನೆಯಿಂದ ಬಂದ ಅರಿಶಿನಕ್ಕೆ ಇಲ್ಲಿ ನೀರು ಸೇರಿಸಿ ಕಲಸಿದ್ರು. ಮೈಗೆ ಹಚ್ಚಿದ್ದು ಕೆಂಪಾಗಿ ಹರೀತು. ಯಾರೋ ನೋಡಿ, ಹುಡುಗಿ ಗಂಡನ್ನ ತಿನ್ನೋಳು ಅಂದ್ರು. ತೊಳೆದು, ಬೇರೆ ಹಚ್ಚಿ, ಮದುವೆ ಮಾಡಿಬಿಟ್ರು. ವರ್ಷ ತುಂಬೋ ಮೊದಲೇ ಅವರು ಜ್ವರದಲ್ಲಿ ಹೋದ್ರು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. "ಅರಿಶಿನ ಮೊದಲೇ ಹೇಳಿತ್ತು, ಆದ್ರೂ ಕೇಳಲಿಲ್ಲ ಅಂತ ಎಲ್ಲರೂ ಅಂದ್ರು. ನಾನೂ ಹಾಗೇ ಅಂದ್ಕೊಂಡೆ. ಇವತ್ತು ನನ್ನ ಕೂಸಿನ ಕೆನ್ನೆ ಮೇಲೆ ಅದೇ ಕೆಂಪು ನೋಡಿದಾಗ..."

ಎದ್ದು ಅವರ ಹತ್ತಿರ ಹೋದೆ. ಹೊಸ್ತಿಲ ಆಚೆ ಅವರು, ಈಚೆ ನಾನು.

"ಅತ್ತೆ, ನಿಮ್ಮ ಮದುವೆ ಮನೇಲಿ ಹಪ್ಪಳ ಒತ್ತಿದ್ರಾ?"

"ಒತ್ತದೇ ಇರ್ತಾರಾ? ಅಮ್ಮ ವಾರವೆಲ್ಲಾ ಒತ್ತಿದ್ಲು."

"ಹಪ್ಪಳಖಾರದ ನೀರು ಯಾವುದರಲ್ಲಿ ಇಡ್ತಿದ್ರು?"

ಅತ್ತೆ ನಿಧಾನವಾಗಿ ತಲೆ ತಿರುಗಿಸಿ ಹಿತ್ತಾಳೆ ಬಿಂದಿಗೆಯನ್ನು ನೋಡಿದರು. ಅದರ ಕುತ್ತಿಗೆಯ ಮೇಲೆ ಅವರ ಅಮ್ಮನ ಹೆಸರು ಕೆತ್ತಿತ್ತು. ಆಬಾ ಕೂತಲ್ಲಿಂದಲೇ, "ಅದರಲ್ಲೇ, ಸಗುಣಾ. ಅದೇ ಜಾಗದಲ್ಲೇ ಇಡ್ತಿದ್ಲು," ಅಂದು ಟವೆಲ್‌ನಿಂದ ಮುಖ ಮುಚ್ಚಿಕೊಂಡರು.

"ಹಾಗಾದ್ರೆ ಅದು... ನನ್ನಿಂದ ಅಲ್ವಾ?"

"ಅಲ್ಲ ಅತ್ತೆ. ಅರಿಶಿನ ಚಾಡಿ ಹೇಳುತ್ತೆ, ಭವಿಷ್ಯ ಹೇಳಲ್ಲ. ಅದಕ್ಕೆ ಗೊತ್ತಿದ್ದದ್ದು ಒಂದೇ, ನೀರಲ್ಲಿ ಹಪ್ಪಳಖಾರ ಇದೆ ಅನ್ನೋದು. ಅಷ್ಟೇ ಹೇಳಿತ್ತು. ಉಳಿದದ್ದೆಲ್ಲ ಜನ ಸೇರಿಸಿದ್ದು."

ಅವರು ಅತ್ತರು. ಅತ್ತೂ ಅತ್ತೂ ನಡುವೆ ನಕ್ಕರು. "ಹಪ್ಪಳ! ಹಾಳಾದ ಹಪ್ಪಳ!" ಅಂದು ಹಣೆ ಚಚ್ಚಿಕೊಂಡು ಮತ್ತೆ ನಕ್ಕರು. ನಾನು ಅವರ ಅಂಗೈ ಬಿಡಿಸಿ ಅದರಲ್ಲಿ ಅರ್ಧ ಹೋಳು ನಿಂಬೆಹಣ್ಣು ಇಟ್ಟೆ.

"ಹಿಂಡಿದ್ರೆ ಏನಾಗುತ್ತೆ, ಅತ್ತೆ? ಮೊದಲು ಹೇಳಿ, ಆಮೇಲೆ ಮಾಡಿ."

"ಹಳದಿ ಆಗುತ್ತೆ," ಅಂದರು. ಮೂಗೊರೆಸಿಕೊಂಡು, ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ.

"ಅತ್ತೇ," ಮಣೆ ಮೇಲಿಂದ ಹೇರಂಬ ಕರೆದ. "ಇಲ್ಲಿ ಬಂದು ಹಿಂಡು. ಮತ್ತೆ ನೀನೇ ಹಚ್ಚು. ಮೊದಲನೇ ಕೈ ನಿಂದೇ. ನೀನು ಹಚ್ಚದೆ ನಾನು ಏಳಲ್ಲ."

ಮುತ್ತೈದೆಯರಲ್ಲಿ ಒಬ್ಬಳು, "ಅದು ಹೇಗೆ, ಅವರು..." ಎಂದು ಬಾಯಿ ತೆರೆದಳು.

"ನೀನು ಬಟ್ಟಲು ಹಿಡಿ," ಆಬಾ ಗದರಿದರು. "ನನ್ನ ತಂಗಿ ಹಚ್ತಾಳೆ."

ಸಗುಣಾ ಅತ್ತೆ ಹೊಸ್ತಿಲು ದಾಟಿದರು. ಆ ಮನೆಯ ಎಷ್ಟೋ ಮದುವೆಗಳಿಗೆ ಹಿಟ್ಟು ಕಲಸಿದ್ದ ಹೆಂಗಸು, ಆವತ್ತು ಚಪ್ಪರದ ನಟ್ಟ ನಡುವೆ ನಿಂತು ಕೆಂಪು ಬಟ್ಟಲಿಗೆ ನಿಂಬೆ ಹಿಂಡಿದರು. ಬುಸ್ಸೆಂದು ನೊರೆ ಎದ್ದಾಗ ಚಿಕ್ಕ ಹುಡುಗಿಯ ಹಾಗೆ ಹೆದರಿ ಕೈ ಹಿಂದಕ್ಕೆಳೆದುಕೊಂಡರು. ಮತ್ತೆ ಹಿಂಡಿದರು. ಹೋಳಿನ ಮೇಲೆ ಹೋಳು. ಸಾನಿಕಾ ಕತ್ತರಿಸಿ ಕತ್ತರಿಸಿ ಕೊಡುತ್ತಿದ್ದಳು. ಕೆಂಪೆಲ್ಲ ಹೋಗಿ ಬಟ್ಟಲು ತುಂಬ ಹಳದಿಯಾಯಿತು. ನನ್ನ ಏಳನೇ ಕ್ಲಾಸಿನ ಹುಡುಗಿಯರು ಅಲ್ಲಿದ್ದಿದ್ದರೆ ಚಪ್ಪರ ಹಾರಿಹೋಗುವ ಹಾಗೆ ಚಪ್ಪಾಳೆ ತಟ್ಟುತ್ತಿದ್ದರು. ಅವರ ಬದಲು ನಾನೇ ತಟ್ಟಿದೆ. ವಾದ್ಯದವನು ಇದೇ ಸನ್ನೆ ಅಂದುಕೊಂಡು ಶಹನಾಯಿ ಊದಿಯೇಬಿಟ್ಟ.

ಅತ್ತೆ ಹೇರಂಬನ ಎರಡೂ ಕೆನ್ನೆಗೆ ಹಚ್ಚಿದರು. ಕೆಂಪಿದ್ದ ಕೆನ್ನೆಗೆ ಎರಡು ಸಲ. ಆಮೇಲೆ ಅದೇ ಕೈ ಎತ್ತಿಕೊಂಡು ನನ್ನ ಕಡೆ ತಿರುಗಿದರು.

"ಇದನ್ನ ನಿನ್ನ ಮನೆಗೆ ಕಳಿಸಬೇಕಿತ್ತು. ನೀನೇ ಬಂದು ನಿಂತಿದೀಯ, ಅವಸರದ ಹುಡುಗಿ."

"ತಡ ಮಾಡಿದ್ದು ನೀವು, ಅತ್ತೆ."

"ಬಾಯಿ ನೋಡು ಇವಳದ್ದು!" ಅಂದು ನನ್ನ ಕೆನ್ನೆ, ಗಲ್ಲ, ಕೈ, ಎಲ್ಲ ಕಡೆ ಬಳಿದರು. ಬಳಿಯುತ್ತ ಕಿವಿಯ ಹತ್ತಿರ ಬಗ್ಗಿ, "ನೀನು ಮೊದಲೇ ಹುಟ್ಟಬೇಕಿತ್ತು ಮಗಾ, ನನ್ನ ಕಾಲದಲ್ಲಿ," ಅಂದರು. ನಾನು ಅವರನ್ನು ತಬ್ಬಿಕೊಂಡೆ. ಅವರ ಬಿಳಿ ಸೀರೆಗೆಲ್ಲ ಹಳದಿ ಹತ್ತಿತು. ಬಿಡಿಸಿಕೊಂಡು ನೋಡಿದರು, ಒರೆಸಲಿಲ್ಲ.

ನನ್ನನ್ನು ಅವನ ಪಕ್ಕದ ಮಣೆಯ ಮೇಲೆ ಕೂರಿಸಿದರು. ಶಾಸ್ತ್ರದಲ್ಲಿ ಇದು ಇದೆಯೋ ಇಲ್ಲವೋ, ಆ ಹೊತ್ತಿಗೆ ಅಲ್ಲಿ ಯಾರೂ ಕೇಳಲಿಲ್ಲ. ಹೆಂಗಸರು ಒಬ್ಬರಿಗೊಬ್ಬರು ಅರಿಶಿನ ಎರಚಾಡುತ್ತಿದ್ದರು, ಶಹನಾಯಿ ಏರುತ್ತಿತ್ತು, ಅತ್ತೆ ಯಾರದೋ ಬೆನ್ನಟ್ಟಿ ಹೋಗಿ ಮುಖಕ್ಕೆ ಬಳಿಯುತ್ತಿದ್ದರು.

ಹೇರಂಬ ಹೆಗಲ ಟವೆಲ್ ತೆಗೆದು ನಮ್ಮಿಬ್ಬರ ನಡುವೆ ಹಾಸಿದ. ಅದರ ಕೆಳಗೆ ಅವನ ಕೈ ಬಂತು. ಅರಿಶಿನ, ನಿಂಬೆರಸ, ಬೆವರು, ಎಲ್ಲ ಸೇರಿ ಜಾರುವ ಕೈ.

"ಮೇಡಂ," ಎದುರಿಗೆ ನೋಡುತ್ತಲೇ ಕೇಳಿದ, "ಈಗ ಏನಾಗುತ್ತೆ?"

"ಮೊದಲು ನೀನು ಹೇಳು."

"ಅತ್ತೆ ಹೂಂ ಅಂದಾಯ್ತು. ಇನ್ನು ನೀನು ಕಿರುಬೆರಳು ಒತ್ತುತ್ತೀಯ."

ನಾನು ಒತ್ತಿದೆ. ಎಷ್ಟು ಜೋರಾಗಿ ಅಂದರೆ ಅವನು "ಅಯ್ಯಯ್ಯೋ" ಅಂದ. ಇಡೀ ಚಪ್ಪರ ನಮ್ಮ ಕಡೆ ತಿರುಗಿತು.

ಆಬಾಗೆ ಮಾತ್ರ ಕಾರಣ ಕೇಳಬೇಕಾಗಿರಲಿಲ್ಲ. ಟವೆಲನ್ನು ನೋಡಿದರು, ನಮ್ಮಿಬ್ಬರ ಮುಖ ನೋಡಿದರು. ಪೇಟೆಯಲ್ಲಿ ಸೌದಾ ಮುಗಿದಾಗ ಕೂಗುವ ಅದೇ ದನಿಯಲ್ಲಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು:

"ಪಕ್ಕಾ!"